ಬೇರೆ ಊರುಗಳಿಗೆ ಹಂಚಿಹೋದ ಶಿರಾ

ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ತುಮಕೂರು ದಾಟಿ ಸುಮಾರು 50 ಕಿಲೋಮೀಟರ್ ಸಾಗಿದರೆ ಶಿರಾ ಸಿಗುತ್ತದೆ. ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿಗೆ ಹೋಗುವ ನಾವೆಲ್ಲ ಈ ಊರಿನ ಹೆಸರನ್ನು ಹಾದಿಯ ಫಲಕದಲ್ಲಿ ಓದಿದವರೇ. ಇಳಿದು ನೋಡಿದವರು ಕಡಿಮೆ. ಇಳಿಯುವಂಥದ್ದು ಅಲ್ಲೇನಿದೆ ಎಂದು ನಾನೂ ಬಹಳ ವರ್ಷ ಅಂದುಕೊಂಡಿದ್ದೆ. ಕಡಲೆಕಾಯಿ ವ್ಯಾಪಾರ, ಕುರಿ, ಕಂಬಳಿ, ಮಳೆ ಕಡಿಮೆಯಾದ ಒಣ ಭೂಮಿ, ಒಂದು ತಾಲ್ಲೂಕು ಕಚೇರಿ. ನಮ್ಮ ರಾಜ್ಯದ ನೂರಾರು ತಾಲ್ಲೂಕು ಕೇಂದ್ರಗಳಲ್ಲಿ ಅದೂ ಒಂದು.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಹೆಣ್ಣುಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಕರೆದೊಯ್ಯುವ ಹೊಣೆ ನನ್ನ ಪಾಲಿಗೆ ಬಂತು. ರಾತ್ರಿ ಹೊರಗೆ ತಂಗುವ ಪ್ರವಾಸಕ್ಕೆ ಹೆಚ್ಚಿನ ತಂದೆ ತಾಯಂದಿರು ಒಪ್ಪಲಿಲ್ಲ. ಬೆಳಗ್ಗೆ ಹೋಗಿ ಸಂಜೆ ಮಗ್ರಿಬ್‌ನೊಳಗೆ ಮನೆ ಸೇರುವಂತಹ ಜಾಗ ಹುಡುಕಿದಾಗ ಸಿಕ್ಕಿದ್ದು ಶಿರಾ. ಹೋಗುವ ಮುನ್ನ ತರಗತಿಯಲ್ಲಿ ಆ ಊರಿನ ಕಥೆ ಹೇಳಿದೆ. ಸ್ವಲ್ಪ ಹೆಚ್ಚೇ ಹೇಳಿದೆನೇನೋ. ಒಂದು ಕಾಲದಲ್ಲಿ ಅಲ್ಲಿ 50,000 ಮನೆಗಳಿದ್ದವಂತೆ, ದಿಲಾವರ್ ಖಾನ್ ಎಂಬ ಸುಬೇದಾರನ ಅರಮನೆ ದೊಡ್ಡ ದೊಡ್ಡ ರಾಜರೂ ನಕಲು ಮಾಡುವಷ್ಟು ಚೆಂದವಿತ್ತಂತೆ ಎಂದೆಲ್ಲ. ಊರಿಗೆ ಬಂದು, ಕೋಟೆಯ ಕಂದಕದ ಬಳಿ ನಿಂತು, ಮಸೀದಿ ನೋಡಿ, ದರ್ಗಾ ನೋಡಿ ಊಟಕ್ಕೆ ಕುಳಿತಾಗ ಒಬ್ಬ ಹುಡುಗಿ ಕೇಳಿದಳು: "ಟೀಚರ್, ಅರಮನೆ ಎಲ್ಲಿ?"

ಅರಮನೆ ಇಲ್ಲ. ತೋಟ ಇಲ್ಲ. ಆ 50,000 ಮನೆಗಳೂ ಇಲ್ಲ. ಹಾಗಾದರೆ ಅವೆಲ್ಲ ಏನಾದವು? ಆ ಹುಡುಗಿಗೆ ಅಂದು ಎರಡು ಮಾತಿನಲ್ಲಿ ಏನೋ ಹೇಳಿ ಸುಮ್ಮನಾಗಿಸಿದೆ. ಆಮೇಲೆ ಓದುತ್ತ ಹೋದಂತೆ, ಶಿರಾದ ಇತಿಹಾಸದಲ್ಲಿ ಕೇಳಲೇಬೇಕಾದ ಪ್ರಶ್ನೆಯೇ ಅದು ಎಂದು ತಿಳಿಯಿತು. ಶಿರಾದ ಅರಮನೆ ಬೆಂಗಳೂರಿಗೆ ಹೋಗಿದೆ. ತೋಟವೂ ಬೆಂಗಳೂರಿಗೇ ಹೋಗಿದೆ. ಜನ ಶ್ರೀರಂಗಪಟ್ಟಣಕ್ಕೆ ಹೋಗಿದ್ದಾರೆ. ಹೇಗೆ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ನಾಯಕ ಆರಂಭಿಸಿದ ಕೋಟೆ

ಶಿರಾದ ಬಳಿ ರತ್ನಗಿರಿ ಎಂಬ ಊರಿದೆ. ಅಲ್ಲಿನ ಪಾಳೆಯಗಾರ ಕಸ್ತೂರಿ ರಂಗಪ್ಪ ನಾಯಕ ಶಿರಾದ ಕೋಟೆಗೆ ಅಡಿಪಾಯ ಹಾಕಿದವನು. ಆದರೆ ಕೋಟೆ ಮುಗಿಯುವುದರೊಳಗೆ ಬಿಜಾಪುರದ ಆದಿಲ್‌ಶಾಹಿ ಸೇನಾಪತಿ ರಣದುಲ್ಲಾ ಖಾನ್ ದಂಡೆತ್ತಿ ಬಂದ. 1638ರ ಸುಮಾರಿಗೆ ಬೆಂಗಳೂರು, ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರಗಳ ಜೊತೆಗೆ ಶಿರಾ ಕೂಡ ಬಿಜಾಪುರದ ವಶವಾಯಿತು. ಈ ಸೀಮೆಯನ್ನು ಬಿಜಾಪುರದ ಸುಲ್ತಾನರು ಜಹಗೀರಾಗಿ ಕೊಟ್ಟದ್ದು ಛತ್ರಪತಿ ಶಿವಾಜಿಯ ತಂದೆ ಷಹಾಜಿಗೆ. ಶಿರಾದ ಅರ್ಧ ಕಟ್ಟಿದ ಕೋಟೆಯನ್ನು ಪೂರ್ಣಗೊಳಿಸಿ, ಪೇಟೆಯ ಸುತ್ತ ಮಣ್ಣಿನ ಗೋಡೆ ಎಬ್ಬಿಸಿದವನು ಬಿಜಾಪುರದ ಅಧಿಕಾರಿ ಮಲಿಕ್ ಹುಸೇನ್.

ಈ ಒಂದು ಕೋಟೆಯ ಲೆಕ್ಕವನ್ನೇ ನೋಡಿ. ಪಾಯ ಹಿಂದೂ ನಾಯಕನದು, ಗೋಡೆ ಮುಸ್ಲಿಮ್ ಅಧಿಕಾರಿಯದು, ಕಂದಾಯ ಮರಾಠಾ ಜಹಗೀರುದಾರನದು, ಕಲ್ಲು ಹೊತ್ತವರು ಊರಿನ ಬಡವರು. ಕೋಟೆ ಯಾವ ಜಾತಿಯದು ಎಂದು ಕೇಳುವವರಿಗೆ ಶಿರಾದ ಕೋಟೆ ಏನು ಉತ್ತರ ಕೊಟ್ಟೀತು?

ಬಿಜಾಪುರದ ಪರವಾಗಿ ಇಲ್ಲಿ ಆಡಳಿತ ನಡೆಸಿದವರಲ್ಲಿ ಜನ ಇಂದಿಗೂ ನೆನಪಿಟ್ಟುಕೊಂಡಿರುವುದು ಮಲಿಕ್ ರಿಹಾನನನ್ನು. 1651ರ ಅವನ ಗೋರಿಕಟ್ಟಡ ಊರಿನ ಹಳೆಯ ಕಟ್ಟಡಗಳಲ್ಲಿ ಮುಖ್ಯವಾದುದು. ಆಳಿದವನ ಗೋರಿ ಕಾಲಕ್ರಮದಲ್ಲಿ ದರ್ಗಾ ಆಗಿದೆ. ಎಲ್ಲ ಮತದವರೂ ಬಂದು ಹೋಗುತ್ತಾರೆ. ಗೋರಿಗಳ ಬಳಿ ನಡೆಯುವ ಆಚರಣೆಗಳ ಬಗ್ಗೆ ನನ್ನ ಅಭಿಪ್ರಾಯವೇನೆಂದು ನನ್ನ ವಿದ್ಯಾರ್ಥಿನಿಯರಿಗೆ ಗೊತ್ತು. ಕಬರಸ್ಥಾನ ಸಂದರ್ಶನ ಪರಲೋಕವನ್ನು ನೆನಪಿಸಬೇಕು ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ, ಅಷ್ಟು ಸಾಕು. ಆದರೆ ಆಚರಣೆಯ ವಿಷಯದಲ್ಲಿ ಭಿನ್ನಾಭಿಪ್ರಾಯ ಇದೆ ಎಂಬ ಕಾರಣಕ್ಕೆ ಕಟ್ಟಡವನ್ನೇ ನೋಡದೆ ಹಿಂದಿರುಗುವವರನ್ನು ಕಂಡಿದ್ದೇನೆ. ಅದು ಸರಿಯಲ್ಲ. ಮುನ್ನೂರ ಎಪ್ಪತ್ತು ವರ್ಷಗಳ ಹಿಂದೆ ಈ ಬಯಲು ಸೀಮೆಯಲ್ಲಿ ಕಲ್ಲನ್ನು ಕಡೆದು ಗುಮ್ಮಟ ನಿಲ್ಲಿಸಿದ ಕೈಗಳಿಗೆ ನಾವು ಒಂದು ನೋಟದ ಋಣಿಗಳು.

ಮೂರು ಲಕ್ಷದ ಎರಡು ವ್ಯಾಪಾರ

1686ರಲ್ಲಿ ಬಿಜಾಪುರ ಔರಂಗಜೇಬನ ಕೈಗೆ ಬಿತ್ತು. ಮರುವರ್ಷವೇ ಮೊಗಲ್ ಸೇನೆ ಈ ಕಡೆ ಇಳಿಯಿತು. ತುಂಗಭದ್ರೆಯ ದಕ್ಷಿಣದ ಸೀಮೆಗೆ ಒಂದು ಹೊಸ ಪ್ರಾಂತ್ಯ ರಚಿಸಿ, ಶಿರಾವನ್ನು ಅದರ ರಾಜಧಾನಿ ಮಾಡಿದರು. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂದು ಏಳು ಪರಗಣೆಗಳು. ಇವಲ್ಲದೆ ಕಪ್ಪ ಕೊಡುವ ಸಂಸ್ಥಾನಗಳ ಪಟ್ಟಿಯಲ್ಲಿ ಹರಪನಹಳ್ಳಿ, ಆನೆಗೊಂದಿ, ಬಿದನೂರು, ಚಿತ್ರದುರ್ಗ, ಮೈಸೂರು ಇದ್ದವು. ದೆಹಲಿಯಿಂದ ನೋಡುವವರಿಗೆ ಮೈಸೂರು ಕೂಡ ಶಿರಾದ ಲೆಕ್ಕದ ಪುಸ್ತಕದೊಳಗಿನ ಒಂದು ಸಾಲು.

ಮೊದಲ ಮೊಗಲ್ ಫೌಜುದಾರ ಖಾಸಿಂ ಖಾನ್. ಬೆಂಗಳೂರನ್ನು ಹಿಡಿದು, ಅದನ್ನು ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ವಹಿಸಿಕೊಟ್ಟವನು ಇವನೇ. ಈಗ ಬೆಂಗಳೂರಿನಲ್ಲಿ ಆ ಹಣಕ್ಕೆ ಒಂದು ಕಾರು ನಿಲ್ಲಿಸುವಷ್ಟು ಜಾಗವೂ ಬರುವುದಿಲ್ಲ! ಬೆಂಗಳೂರನ್ನು ಮಾರಿ ಶಿರಾವನ್ನು ಇಟ್ಟುಕೊಂಡರು ಎಂದರೆ ಅಂದು ಯಾವ ಊರಿನ ತೂಕ ಎಷ್ಟಿತ್ತು ಎಂದು ನೀವೇ ಊಹಿಸಿ. ಖಾಸಿಂ ಖಾನನ ಕೊನೆ ಮಾತ್ರ ಚೆನ್ನಾಗಿರಲಿಲ್ಲ. ಚಳ್ಳಕೆರೆ ಬಳಿಯ ದೊಡ್ಡೇರಿಯಲ್ಲಿ ಮರಾಠಾ ಸರದಾರ ಸಂತಾಜಿ ಘೋರ್ಪಡೆಯ ಮುತ್ತಿಗೆಗೆ ಸಿಕ್ಕಿ ಅಲ್ಲೇ ಸತ್ತ.

ಇದೇ ಕಾಲಕ್ಕೆ, 1696ರಲ್ಲಿ, ಶಿರಾದ ಜುಮ್ಮಾ ಮಸೀದಿ ಆಯಿತು. ಒಪ್ಪವಾಗಿ ಕಡೆದ ಕಲ್ಲಿನ ಕಟ್ಟಡ. ನಾವು ಹೋದದ್ದು ಬೇಸಿಗೆ ಶುರುವಾಗುವ ಹೊತ್ತಿನಲ್ಲಿ, ಹೊರಗೆ ನೆಲ ಕಾದಿತ್ತು, ಒಳಗೆ ಕಾಲಿಟ್ಟರೆ ಕಲ್ಲು ತಂಪು. ಮೊಗಲ್ ಮಸೀದಿ ಎಂದೊಡನೆ ನಮ್ಮ ಕಣ್ಣಿಗೆ ದೆಹಲಿ, ಆಗ್ರಾ ಬರುತ್ತವೆ. ಔರಂಗಜೇಬನ ಕಾಲದ ಮಸೀದಿಯೊಂದು ತುಮಕೂರು ಜಿಲ್ಲೆಯಲ್ಲಿದೆ ಎಂಬುದು ಅದೇ ಜಿಲ್ಲೆಯ ನನ್ನ ಸಹೋದ್ಯೋಗಿಯೊಬ್ಬರಿಗೂ ಗೊತ್ತಿರಲಿಲ್ಲ.

ಸುಬೇದಾರರು ಬಂದರು, ಹೋದರು. ಹೆಚ್ಚಿನವರು ಎರಡು ಮೂರು ವರ್ಷಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಅವರ ಒಳಜಗಳಗಳ ಪಟ್ಟಿ ಹೇಳಿ ನಿಮ್ಮನ್ನು ದಣಿಸುವುದಿಲ್ಲ. ಆದರೆ ಆ ಜಗಳಗಳಲ್ಲಿ ಒಂದು, ನಮ್ಮ ನಾಡಿನ ಇತಿಹಾಸವನ್ನೇ ಬದಲಿಸಿತು.

ಶಿರಾದ ಸುಬೇದಾರರ ಸೈನ್ಯದಲ್ಲಿ ಫತೇಹ್ ಮುಹಮ್ಮದ್ ಎಂಬ ಅಧಿಕಾರಿ ಇದ್ದ. ಕೋಲಾರ ಸೀಮೆಯ ಬೂದಿಕೋಟೆ ಅವನ ಜಹಗೀರು. ಶಿರಾದ ಗದ್ದುಗೆಗಾಗಿ ನಡೆದ ಕಾಳಗದಲ್ಲಿ ಅವನು ತನ್ನ ಒಡೆಯನ ಪರವಾಗಿ ಹೋರಾಡಿ ಮಡಿದ. ಹಿಂದೆ ಉಳಿದದ್ದು ಹೆಂಡತಿ ಮತ್ತು ಇಬ್ಬರು ಪುಟ್ಟ ಗಂಡುಮಕ್ಕಳು, ಶಹಬಾಜ್ ಮತ್ತು ಹೈದರ್. ಯಾವ ಮನೆತನಕ್ಕಾಗಿ ಫತೇಹ್ ಮುಹಮ್ಮದ್ ಪ್ರಾಣ ಕೊಟ್ಟನೋ ಅದೇ ಮನೆತನದ ಅಬ್ಬಾಸ್ ಕುಲಿ ಖಾನ್ ಆಗ ದೊಡ್ಡಬಳ್ಳಾಪುರದ ಜಹಗೀರುದಾರ. ಸತ್ತವನು ಹಣ ಬಾಕಿ ಉಳಿಸಿಕೊಂಡಿದ್ದಾನೆ ಎಂದು ನೆಪ ಹೇಳಿ ಅವನು ವಿಧವೆಯ ಮನೆಯ ಸೊತ್ತೆಲ್ಲ ಕಿತ್ತುಕೊಂಡ. ಸಾಲದು ಎಂದು ಆ ಯತೀಮ್ ಮಕ್ಕಳಿಗೆ ಹಿಂಸೆ ಕೊಟ್ಟ. ಮಕ್ಕಳನ್ನು ನಗಾರಿಯೊಳಗೆ ಕೂರಿಸಿ, ಮೇಲೆ ತೊಗಲು ಬಿಗಿದು ಬಾರಿಸಿದರು ಎಂಬ ಕಥೆಯೂ ಇದೆ. ತಾಯಿ ಇದ್ದಬದ್ದದ್ದನ್ನೆಲ್ಲ ಕೊಟ್ಟು, ಮಕ್ಕಳನ್ನು ಬಿಡಿಸಿಕೊಂಡು, ಬೆಂಗಳೂರಿನಲ್ಲಿದ್ದ ತನ್ನ ಅಣ್ಣನ ಆಸರೆಗೆ ಹೋದಳು. ಆ ಮಕ್ಕಳಲ್ಲಿ ಕಿರಿಯವನೇ ಮುಂದೆ ನವಾಬ್ ಹೈದರ್ ಅಲಿ.

ಸಹೋದರಿಯರೇ, ಹೈದರನ ಯುದ್ಧಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಗಂಡನನ್ನು ಕಳೆದುಕೊಂಡು, ಮನೆ ಲೂಟಿಯಾಗಿ, ಎರಡು ಮಕ್ಕಳ ಕೈ ಹಿಡಿದು ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಹೊರಟ ಆ ತಾಯಿಯ ಪ್ರಯಾಣಕ್ಕೆ ಇತಿಹಾಸಕಾರರು ಕೊಟ್ಟಿರುವುದು ಒಂದೆರಡು ಸಾಲು. ಹೈದರ್ ದೊಡ್ಡವನಾಗಿ ಸೇನೆಯೊಂದಿಗೆ ದೊಡ್ಡಬಳ್ಳಾಪುರದ ಮೇಲೆ ಬಂದಾಗ ಅಬ್ಬಾಸ್ ಕುಲಿ ಖಾನ್ ಹೆದರಿ, ತನ್ನ ಕುಟುಂಬವನ್ನೂ ಬಿಟ್ಟು ಮದರಾಸಿನ ಕಡೆಗೆ ಓಡಿಹೋದ. ಅವನ ಮುದಿ ತಾಯಿ ಹೈದರನ ಕೈಗೆ ಸಿಕ್ಕಳು. ತಮ್ಮ ಕಷ್ಟದ ದಿನಗಳಲ್ಲಿ ಆಕೆ ತನ್ನ ತಾಯಿಗೆ ತೋರಿದ್ದ ಕರುಣೆಯನ್ನು ನೆನೆದು ಹೈದರ್ ಆಕೆಯನ್ನು ಗೌರವದಿಂದ ನಡೆಸಿಕೊಂಡ ಎಂದು ಇತಿಹಾಸಕಾರ ವಿಲ್ಕ್ಸ್ ಬರೆಯುತ್ತಾನೆ. ವಿಲ್ಕ್ಸ್ ಇಂಗ್ಲಿಷರವನು, ಹೈದರನನ್ನು ಹೊಗಳುವ ಅಗತ್ಯ ಅವನಿಗಿರಲಿಲ್ಲ. ಒಬ್ಬ ವಿಧವೆಗೆ ಇನ್ನೊಬ್ಬ ಹೆಂಗಸು ಮಾಡಿದ ಉಪಕಾರ ಮೂವತ್ತು ವರ್ಷ ದಾಟಿ ಫಲ ಕೊಟ್ಟಿತು.

ಇದು ನಡೆದದ್ದು 1761ರಲ್ಲಿ. ನಿಜಾಮನ ತಮ್ಮ ಬಸಾಲತ್ ಜಂಗ್ ಆಗ ಹೊಸಕೋಟೆಗೆ ಮುತ್ತಿಗೆ ಹಾಕಿ ಕೈಲಾಗದೆ ಕುಳಿತಿದ್ದ. ಹೈದರ್ ಅವನೊಂದಿಗೆ ಒಪ್ಪಂದ ಮಾಡಿಕೊಂಡು, ಮೂರು ಲಕ್ಷ ರೂಪಾಯಿ ನಜರಾನೆಗೆ ಶಿರಾದ ನವಾಬಗಿರಿಯನ್ನು ಪಡೆದ. ಶಿರಾ ಆಗಿನ್ನೂ ಮರಾಠರ ಕೈಯಲ್ಲಿತ್ತು. ಪದವಿ ಮೊದಲು ಬಂತು, ಊರನ್ನು ಆಮೇಲೆ ಗೆದ್ದ. ನಾವು "ಮೈಸೂರಿನ ನವಾಬ್ ಹೈದರ್ ಅಲಿ" ಎನ್ನುತ್ತೇವೆ. ಹೈದರನಿಗೆ ನವಾಬ್ ಎಂಬ ಬಿರುದು ಬಂದದ್ದು ಮೈಸೂರಿನಿಂದಲ್ಲ, ಶಿರಾದಿಂದ. ಮೈಸೂರಿನಲ್ಲಿ ಅವನು ಒಡೆಯರ ಸೇವಕ, ಶಿರಾದಲ್ಲಿ ನವಾಬ್. ತಂದೆ ಸತ್ತದ್ದು ಯಾವ ಗದ್ದುಗೆಯ ಜಗಳದಲ್ಲೋ ಆ ಗದ್ದುಗೆಯ ಹೆಸರನ್ನೇ ಮಗ ಕೊಂಡ. ಬೆಂಗಳೂರನ್ನು ಮಾರಿದ್ದು ಮೂರು ಲಕ್ಷಕ್ಕೆ, ಶಿರಾದ ನವಾಬಗಿರಿ ಬಂದದ್ದೂ ಮೂರು ಲಕ್ಷಕ್ಕೆ.

ಅರಮನೆ ಎಲ್ಲಿ ಹೋಯಿತು?

ಈಗ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಸುಬೇದಾರರಲ್ಲಿ ಹೆಚ್ಚು ಕಾಲ ನಿಂತವನು ದಿಲಾವರ್ ಖಾನ್, 1726ರಿಂದ 1756ರವರೆಗೆ, ಮೂವತ್ತು ವರ್ಷ. ಶಿರಾದ ಏಳಿಗೆಯ ಕಾಲ ಅದು. 50,000 ಮನೆಗಳ ಮಾತು ಬರುವುದು ಅವನ ಕಾಲಕ್ಕೇ. ಈ ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. 2011ರ ಜನಗಣತಿಯಲ್ಲಿ ಶಿರಾ ಪಟ್ಟಣದ ಒಟ್ಟು ಜನಸಂಖ್ಯೆಯೇ ಐವತ್ತು ಸಾವಿರವನ್ನು ಸ್ವಲ್ಪ ದಾಟಿತ್ತು. ಅಂದು ಅಷ್ಟು ಮನೆಗಳಿದ್ದವು ಎಂದು ಹೇಳಿದ್ದನ್ನು ಇಂದು ಅಷ್ಟು ತಲೆಗಳಿಂದ ಅಳೆಯಬೇಕಾಗಿದೆ.

ದಿಲಾವರ್ ಖಾನ್ ತನಗಾಗಿ ಒಂದು ಅರಮನೆ ಕಟ್ಟಿಸಿದ. ಬೆಂಗಳೂರು ಮತ್ತು ಶ್ರೀರಂಗಪಟ್ಟಣಗಳಲ್ಲಿ ಹೈದರ್ ಮತ್ತು ಟಿಪ್ಪು ಕಟ್ಟಿಸಿದ ಅರಮನೆಗಳಿಗೆ ಅದೇ ಮಾದರಿಯಾಯಿತು ಎಂದು ಬಿ. ಎಲ್. ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಿಸಿದ್ದಾನೆ. ಬೆಂಗಳೂರಿನ ಕಲಾಸಿಪಾಳ್ಯದ ಬಳಿ ಟಿಪ್ಪುವಿನ ಬೇಸಿಗೆ ಅರಮನೆ ಇದೆಯಲ್ಲ, 1781ರಲ್ಲಿ ಹೈದರ್ ಆರಂಭಿಸಿ 1791ರಲ್ಲಿ ಟಿಪ್ಪು ಮುಗಿಸಿದ್ದು, ಅದನ್ನು ನೋಡಿ. ಮರದ ಕಂಬಗಳು, ಕಂಬದಿಂದ ಕಂಬಕ್ಕೆ ಹೂವಿನ ಎಸಳಿನಂತಹ ಕಮಾನು, ಮೇಲೆ ಮೊಗಸಾಲೆ. ಅಲ್ಲಿ ನಿಂತರೆ ನೀವು ಶಿರಾದ ಅರಮನೆಯ ನೆರಳಿನಲ್ಲಿ ನಿಂತಂತೆ.

ಮೂಲ ಏಕೆ ಉಳಿಯಲಿಲ್ಲ? ಮಣ್ಣು, ಮರ, ಗಾರೆಯಲ್ಲಿ ಕಟ್ಟಿದ್ದು. ಹಾಗೆ ಕಟ್ಟಿದ ಮನೆಗೆ ವರ್ಷ ವರ್ಷ ಸಾರಣೆ ಬೇಕು, ಸೋರುವ ಮಾಳಿಗೆಗೆ ಮಣ್ಣು ಬೇಕು. ಹಳ್ಳಿ ಮನೆಯಲ್ಲಿ ಬಾಳಿದ ಹೆಂಗಸರಿಗೆ ಇದನ್ನು ವಿವರಿಸಬೇಕಿಲ್ಲ. ಎರಡು ಮಳೆಗಾಲ ಕೈಬಿಟ್ಟರೆ ಗೋಡೆ ಕರಗುತ್ತದೆ. ಶಿರಾದಲ್ಲಿ ಕಲ್ಲಿನಲ್ಲಿ ಕಟ್ಟಿದ್ದು ಅಲ್ಲಾಹನ ಮನೆ, ಸತ್ತವರ ಮನೆ ಮತ್ತು ಕೋಟೆ. ಬದುಕಿದ್ದವರ ಮನೆಗಳು ಮಣ್ಣಿನವು. ಅರಮನೆಯೂ ಅದೇ ಲೆಕ್ಕಕ್ಕೆ ಸೇರಿತು.

ಅರಮನೆಯ ಜೊತೆಗೆ ಖಾನ್ ಬಾಗ್ ಎಂಬ ತೋಟವೂ ಇತ್ತು. ಅದನ್ನು ಕಂಡೇ ಬೆಂಗಳೂರಿನಲ್ಲಿ ಲಾಲ್‌ಬಾಗ್ ಮಾಡುವ ಯೋಚನೆ ಹೈದರನಿಗೆ ಹೊಳೆಯಿತು ಎನ್ನುತ್ತಾರೆ. ಹೈದರ್ ಲಾಲ್‌ಬಾಗನ್ನು ಆರಂಭಿಸಿದ್ದು 1760ರಲ್ಲಿ. 1800ರಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಸುಲ್ತಾನರ ತೋಟಗಳನ್ನು ವರ್ಣಿಸಿದ್ದಾನೆ. ಚೌಕ ಚೌಕವಾದ ಪಾತಿಗಳು, ನಡುವೆ ಕಾಲುದಾರಿ, ದಾರಿಯ ಎರಡು ಕಡೆ ಸಾಲು ಸೈಪ್ರಸ್ ಮರಗಳು. ಬಯಲು ಸೀಮೆಯ ಒಣ ನೆಲದಲ್ಲಿ ನೀರನ್ನು ಅಳೆದು ಹರಿಸಿ ಮಾಡುವ ತೋಟದ ಕ್ರಮ ಅದು. ಈಗಿನ ಗಾಜಿನ ಮನೆ, ಫಲಪುಷ್ಪ ಪ್ರದರ್ಶನ ಎಲ್ಲ ಆಮೇಲೆ ಬಂದವು. ನಮ್ಮ ಎಷ್ಟೋ ಕುಟುಂಬಗಳು ಲಾಲ್‌ಬಾಗಿನಲ್ಲಿ ಫೋಟೊ ತೆಗೆಸಿಕೊಂಡಿವೆ, ಮಕ್ಕಳಿಗೆ ಗುಲಾಬಿ ತೋರಿಸಿವೆ. ಆ ತೋಟದ ತಾಯಿಬೇರು ಶಿರಾದಲ್ಲಿತ್ತು.

ಹನ್ನೆರಡು ಸಾವಿರ ಕುಟುಂಬಗಳು

ಅರಮನೆ, ತೋಟಗಳ ಮಾದರಿ ಬೇರೆ ಊರಿಗೆ ಹೋದರೆ ಯಾರಿಗೂ ನಷ್ಟವಿಲ್ಲ. ಜನ ಹೋದ ಕಥೆ ಹಾಗಲ್ಲ.

ದಿಲಾವರ್ ಖಾನನ ನಂತರ ಶಿರಾಕ್ಕೆ ನೆಮ್ಮದಿ ಇರಲಿಲ್ಲ. 1757ರಲ್ಲಿ ಮರಾಠರು ಹಿಡಿದರು. 1761ರಲ್ಲಿ ಹೈದರ್. 1766ರಲ್ಲಿ ಪೇಶ್ವೆ ಮಾಧವರಾವ್ ಬಂದಾಗ ಹೈದರನ ಭಾವಮೈದುನ ಮೀರ್ ಅಲಿ ರಜಾ ಖಾನನೇ ಕೋಟೆಯನ್ನು ಮರಾಠರಿಗೆ ಒಪ್ಪಿಸಿದ. 1774ರಲ್ಲಿ ಟಿಪ್ಪು ಅದನ್ನು ಮತ್ತೆ ಗೆದ್ದ. ಪ್ರತಿ ಸಲವೂ ಸೈನ್ಯ ಬಂದು ಬೀಡು ಬಿಟ್ಟಾಗ ಮೇವು ಹೋಗುತ್ತದೆ, ಧಾನ್ಯ ಹೋಗುತ್ತದೆ, ಮಗ್ಗ ನಿಲ್ಲುತ್ತದೆ. ಬಣ್ಣದ ಅಚ್ಚುಬಟ್ಟೆ, ಅರಗು, ಕಂಬಳಿಗಳಿಗೆ ಹೆಸರಾಗಿದ್ದ ಪೇಟೆ ಸೊರಗಿತು.

ಕೊನೆಯ ಪೆಟ್ಟು ಕೊಟ್ಟವನು ಟಿಪ್ಪು ಸುಲ್ತಾನ್. ಶ್ರೀರಂಗಪಟ್ಟಣದ ದ್ವೀಪದಲ್ಲಿ ಅವನು ಶಹರ್ ಗಂಜಾಮ್ ಎಂಬ ಹೊಸ ಪೇಟೆ ಕಟ್ಟಿದ. ಪೇಟೆಗೆ ಜನ ಬೇಕಲ್ಲ? ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಅಲ್ಲಿಗೆ ಸಾಗಿಸಿದ.

ಈ ವಾಕ್ಯವನ್ನು ಬರೆಯಲು ನನಗೆ ಸುಲಭವಾಗಲಿಲ್ಲ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಆರಂಭಿಸಿ 2019ರಲ್ಲಿ ನಿಲ್ಲಿಸಿದ ಆ ನಾಲ್ಕು ವರ್ಷ, ಸ್ಟಾಫ್ ರೂಮಿನಲ್ಲಿ ಕೂಡ ನಾವು ಟಿಪ್ಪುವಿನ ಹೆಸರನ್ನು ತಗ್ಗಿದ ದನಿಯಲ್ಲಿ ಹೇಳುವಂತಾಗಿತ್ತು. ಒಬ್ಬರಿಗೆ ಅವನು ಹುತಾತ್ಮ, ಇನ್ನೊಬ್ಬರಿಗೆ ಕ್ರೂರಿ. ಇಂಗ್ಲಿಷರ ವಿರುದ್ಧ ಹೋರಾಡಿ 1799ರಲ್ಲಿ ಕೋಟೆಯ ಬಾಗಿಲಲ್ಲೇ ಪ್ರಾಣ ಬಿಟ್ಟ ಆ ಸುಲ್ತಾನನ ಮೇಲೆ ನನಗೆ ಗೌರವವಿದೆ. ರೇಷ್ಮೆಯನ್ನು ಈ ನಾಡಿಗೆ ತಂದವನೂ ಅವನೇ. ಆದರೆ ಅವನನ್ನು ಪ್ರೀತಿಸುವವರು ಶಿರಾದ ಪುಟವನ್ನು ಮಗುಚಿ ಮುಂದೆ ಹೋಗಬಾರದು. ನ್ಯಾಯ ಹೇಳುವಾಗ ನಮ್ಮವರು, ಬೇರೆಯವರು ಎಂದು ನೋಡಬಾರದೆಂದು ಕುರ್‌ಆನ್ ನಮಗೆ ಕಲಿಸಿದೆ. ಇತಿಹಾಸ ಹೇಳುವುದೂ ಒಂದು ಸಾಕ್ಷಿಯೇ. ಹೊಸ ಪೇಟೆ ಕಟ್ಟಲು ಹಳೆಯ ಪೇಟೆಯನ್ನು ಖಾಲಿ ಮಾಡಿದ ರಾಜರು ಬೇರೆಯವರೂ ಇದ್ದಾರೆ, ದೆಹಲಿಯ ಜನರನ್ನು ದೌಲತಾಬಾದಿಗೆ ನಡೆಸಿದ ಮುಹಮ್ಮದ್ ಬಿನ್ ತುಘಲಕ್‌ನನ್ನು ನಾವೆಲ್ಲ ಓದಿದ್ದೇವೆ. ಅದರಿಂದ ಶಿರಾದ ಹೆಂಗಸರ ದುಃಖ ಕಡಿಮೆಯಾಗುವುದಿಲ್ಲ.

12,000 ಕುಟುಂಬ ಎಂದರೆ ಹನ್ನೆರಡು ಸಾವಿರ ಒಲೆಗಳು. ಶಿರಾದಿಂದ ಶ್ರೀರಂಗಪಟ್ಟಣಕ್ಕೆ ಆಗ ಎತ್ತಿನ ಗಾಡಿಯಲ್ಲಿ ಎಷ್ಟು ದಿನದ ದಾರಿ ಎಂದು ಲೆಕ್ಕ ಹಾಕಿ. ಬೀಸುವ ಕಲ್ಲನ್ನು ಒಯ್ಯಲಾಗುತ್ತದೆಯೇ? ಬಸುರಿ ಬಾಣಂತಿಯರು? ಕಾಯಿಲೆ ಬಿದ್ದ ಅತ್ತೆ? ಕಬರಸ್ಥಾನದಲ್ಲಿ ಮಲಗಿದ ಮಗುವನ್ನು ಬಿಟ್ಟು ಹೊರಟ ತಾಯಿ? ಯಾವ ದಫ್ತರದಲ್ಲೂ ಇದರ ಲೆಕ್ಕ ಬರೆದಿಟ್ಟಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ದ್ವೀಪದ ಪೇಟೆಯೂ ಚದುರಿತು. ಗಂಜಾಮ್ ಎಂಬ ಹೆಸರು ಇಂದಿಗೂ ಇದೆ. ಹೈದರ್, ಅವನ ಬೇಗಮ್ ಮತ್ತು ಟಿಪ್ಪು ಮಲಗಿರುವ ಗುಂಬಜ್‌ಗೆ ಹೋಗುವ ದಾರಿಯಲ್ಲೇ ಅದು ಸಿಗುತ್ತದೆ. ಫಾತಿಹಾ ಓದಿ ಬರುವ ನಾವು ಶಿರಾದಿಂದ ಬಂದ ಆ ಜನರನ್ನು ನೆನೆದದ್ದುಂಟೇ?

ಕಚೇರಿಯಲ್ಲಿ ಉಳಿದ ಮಾತು

ಮಸೀದಿ, ದರ್ಗಾ, ಕೋಟೆ, ಕಂದಕಗಳಲ್ಲದೆ ಶಿರಾದ ಕಾಲದಿಂದ ಉಳಿದದ್ದು ಇನ್ನೊಂದಿದೆ. ಅದನ್ನು ನೋಡಲು ಟಿಕೆಟ್ ಬೇಡ, ಶಿರಾಕ್ಕೆ ಹೋಗುವುದೂ ಬೇಡ.

ಮದ್ರಸದಲ್ಲಿ ಅರಬಿ ಕಲಿಯುವಾಗ ತಅಲ್ಲುಕ್ ಎಂಬ ಪದ ಬಂತು. ಸಂಬಂಧ ಎಂದರ್ಥ. ತಹಸೀಲ್ ಬಂತು, ಗಳಿಸುವುದು, ಸಂಗ್ರಹಿಸುವುದು. ಆಗ ಹೊಳೆದಿರಲಿಲ್ಲ. ಬಿ.ಎ. ಓದುವಾಗ ಒಂದು ದೃಢೀಕರಣ ಪತ್ರಕ್ಕಾಗಿ ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕುಳಿತಿದ್ದೆ, ಎದುರಿನ ಫಲಕಗಳನ್ನು ಓದುತ್ತ ನಗು ಬಂತು. ತಾಲ್ಲೂಕು, ತಹಸೀಲ್ದಾರ್, ಜಿಲ್ಲೆ, ಅರ್ಜಿ, ದಾಖಲೆ, ವಾರಸು, ವಸೂಲಿ, ಜಮಾಬಂದಿ, ಎಲ್ಲ ನನ್ನ ಮದ್ರಸದ ಪುಸ್ತಕದ ಬಂಧುಗಳು. ರೈತ ಎಂಬ ನಮ್ಮ ಅಚ್ಚ ಕನ್ನಡವೆನಿಸುವ ಪದ ಕೂಡ ಅರಬಿಯ ರಇಯ್ಯತ್. ಆದಿಲ್‌ಶಾಹಿಯವರು, ಮೊಗಲರು ಶಿರಾದಂತಹ ಊರುಗಳಲ್ಲಿ ಕಚೇರಿ ಹಾಕಿ ಕಂದಾಯದ ಲೆಕ್ಕ ಬರೆಸಿದಾಗ ಶಾನುಭೋಗರ ಲೇಖನಿಯಿಂದ ಈ ಪದಗಳು ಕನ್ನಡಕ್ಕೆ ಇಳಿದವು. ಆಮೇಲೆ ಅವನ್ನು ಹೊರಗಿನವು ಎಂದು ಯಾರೂ ಕಾಣಲಿಲ್ಲ. ಪಹಣಿ ಕೇಳಲು ಬಂದ ಯಾವ ಗೌಡರೂ ಅರ್ಜಿ ಬೇಡ ಎಂದದ್ದಿಲ್ಲ!

ತುಮಕೂರಿನಿಂದ ಶಿರಾಕ್ಕೆ ಬರುವ ಹಾದಿಯಲ್ಲೇ ಸೀಬಿ ಇದೆ. ಅಲ್ಲಿನ ನರಸಿಂಹ ದೇವಾಲಯವನ್ನು ಕಟ್ಟಿಸಿದ್ದು ಟಿಪ್ಪುವಿನ ಬಳಿ ಅಧಿಕಾರಿಯಾಗಿದ್ದ ಕಚೇರಿ ಕೃಷ್ಣಪ್ಪನ ಮಕ್ಕಳು. ಮನೆತನದ ಹೆಸರೇ ಕಚೇರಿ. ಅದರ ಮಾಳಿಗೆಯ ಒಳಮೈ ತುಂಬ ಚಿತ್ರಗಳಿವೆ. ಸಮಯವಿದ್ದವರು ಅದನ್ನೂ ನೋಡಬಹುದು.

ಹೋಗುವವರಿಗೆ

ಬೆಂಗಳೂರಿನಿಂದ ಶಿರಾ ಸುಮಾರು 120 ಕಿಲೋಮೀಟರ್. ಬಸ್ಸುಗಳಿಗೆ ಕೊರತೆಯಿಲ್ಲ, ಆದರೆ ದೂರದೂರಿನ ಬಸ್ಸುಗಳು ಊರೊಳಗೆ ಹೋಗದೆ ಹೆದ್ದಾರಿಯಲ್ಲೇ ಇಳಿಸುವುದುಂಟು, ಹತ್ತುವ ಮೊದಲು ಕೇಳಿಕೊಳ್ಳಿ. ಬಿಸಿಲು ಜೋರು. ಚಳಿಗಾಲ ಒಳ್ಳೆಯದು. ಮಕ್ಕಳಿದ್ದರೆ ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮಕ್ಕೂ ಕರೆದೊಯ್ಯಿರಿ. ಊರ ನಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ, ಊರವರೇ ಅವನ್ನು ಕಾಯುತ್ತಾರೆ.

ಮಸೀದಿ ಮತ್ತು ದರ್ಗಾ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು. ಇಂತಹ ಕಟ್ಟಡಗಳ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಕಲ್ಲಿನ ಮೇಲೆ ಗೀಚಿ ಕೆಡಿಸಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ ವಿಧಿಸಬಹುದು. ಕಾನೂನು ಇದೆ ಎಂದರೆ ಕಟ್ಟಡ ಉಳಿಯಿತು ಎಂದಲ್ಲ. ಒಳ್ಳೆಯ ಮನಸ್ಸಿನಿಂದಲೇ ಹಳೆಯ ಕಲ್ಲಿಗೆ ಬಣ್ಣ ಬಳಿಯುವುದು, ಕೆತ್ತನೆಯ ಮೇಲೆ ಟೈಲ್ಸ್ ಹಾಕುವುದು ನಮ್ಮ ಊರುಗಳಲ್ಲಿ ನಡೆಯುತ್ತಲೇ ಇದೆ. ನನ್ನ ತವರಿನ ಹಳೆಯ ಮಸೀದಿಯ ಮರದ ಕಂಬಗಳನ್ನು ಹಾಗೆಯೇ ಕಿತ್ತು ಗುಜರಿಗೆ ಹಾಕಿದರು. ಅದು ನಡೆದಾಗ ಯಾರೂ ಹೆಂಗಸರನ್ನು ಕೇಳಲಿಲ್ಲ, ಕೇಳಿದ್ದರೆ ಒಂದು ಕಂಬವನ್ನಾದರೂ ಯಾರದೋ ಮನೆಯ ಜಗಲಿಗೆ ತಂದು ನಿಲ್ಲಿಸುತ್ತಿದ್ದೆವು. ನಿಮ್ಮ ಊರಿನಲ್ಲೂ ಇಂಥದ್ದೊಂದು ಕಟ್ಟಡ ಇದ್ದೀತು. ಕಮಿಟಿಯವರು ರಿಪೇರಿಯ ಮಾತೆತ್ತಿದಾಗ ಮನೆಯ ಗಂಡಸರ ಕಿವಿಗೆ ಒಂದು ಮಾತು ಹಾಕಿ. ಮೊದಲು ಒಂದು ಫೋಟೊವನ್ನಾದರೂ ತೆಗೆಸಿಡಿ. ಮನೆಯ ಹಿರಿಯರು ಎಲ್ಲಿಂದ ಬಂದವರು ಎಂದು ನಾನಿ, ದಾದಿಯರು ಬದುಕಿರುವಾಗಲೇ ಕೇಳಿ ಬರೆದಿಡಿ.

ನಮ್ಮ ಹುಡುಗಿಯರು ಅಂದು ಬಸ್ಸಿನಲ್ಲೇ ಮುಂದಿನ ಪ್ರವಾಸದ ಪಟ್ಟಿ ಮಾಡಿದರು. ಮೊದಲು ಶ್ರೀರಂಗಪಟ್ಟಣ. ದರಿಯಾ ದೌಲತ್, ಗುಂಬಜ್ ನೋಡುವುದು ಸರಿ, ಗಂಜಾಮ್‌ನಲ್ಲಿಯೂ ಬಸ್ಸು ನಿಲ್ಲಿಸಬೇಕು ಎಂದು ಅರಮನೆ ಕೇಳಿದ ಹುಡುಗಿ ಕರಾರು ಹಾಕಿದಳು. ಅಲ್ಲಿ ನೋಡಲು ಏನಿದೆ ಎಂದು ಪಕ್ಕದವಳು ಕೇಳಿದ್ದಕ್ಕೆ, "ಶಿರಾದವರ ಮನೆ ಇರುತ್ತದಲ್ಲ" ಎಂದಳು.